ಹೋಶಿಂ ಭಾವನ ರಜೆ ಮತ್ತು ಎರಡು ಚೂರು ಗಜ್ಜರಿ

ರಜೆಯ ಮೊದಲ ದಿನವೇ ಹೋಶಿಂ ಭಾವ ತಾಷ್ಕೆಂಟಿನ ಇನ್ನೂರು ಜನರ ನಡುವೆ ಉಪ್ಪಿಲ್ಲದ ಓಶನ್ನು ಬಾಯ್ತುಂಬ ಹೊಗಳಿ, ತಮ್ಮ ಮಾನದ ಜೊತೆ ನನ್ನ ಮಾನವನ್ನೂ ಅದೇ ತಟ್ಟೆಯಲ್ಲಿ ಕಲಸಿಟ್ಟರು.

ಓಶನ್ನು ಪಲಾವು ಎಂದರೆ ಭಾವನಿಗೆ ಸಿಟ್ಟು ಬರುತ್ತದೆ. ಅದು ಹೋಟೆಲಿನ ಫಲಕಕ್ಕೆ ಬರೆಸುವ ಹೆಸರು, ಓಶ್ ಮನೆಯಲ್ಲಿ ಕರೆಯುವ ಹೆಸರು ಎನ್ನುತ್ತಾರೆ. ಆ ದಿನ ನಾವು ಹೋದದ್ದು ಹಳೇ ಪೇಟೆಯ ಹಿಂಬದಿಯ ಒಂದು ಊಟದ ಮನೆಗೆ. ಬಾಗಿಲಲ್ಲೇ ನಾಲ್ಕು ಕೊಪ್ಪರಿಗೆ; ಒಂದೊಂದರಲ್ಲೂ ಸಾಧಾರಣ ಆಳು ಕಾಲು ಮಡಿಸಿ ಮಲಗಬಹುದು. ಹನ್ನೊಂದೂವರೆಗೆ ಮುಚ್ಚಳ ತೆಗೆದರೆ ಒಂದೂವರೆಗೆ ತಳ ಕೆರೆಯುತ್ತಾರೆ. ಅಲ್ಲಿಯ ಮುಖ್ಯ ಅಡುಗೆಯವ ಶೋಮುರೋದ್ ದೂರದಿಂದಲೇ ಭಾವನ ಮುಂಗೈ ನೋಡಿದ. ಮೂವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತವರ ಮುಂಗೈಯಲ್ಲಿ ಕೂದಲಿರುವುದಿಲ್ಲ, ಎಣ್ಣೆಯ ಝಳಕ್ಕೆ ಎಂದೋ ಸುಟ್ಟುಹೋಗಿರುತ್ತದೆ. ಅವನು ಸೌಟನ್ನು ಶಿಷ್ಯನ ಕೈಗೆ ಕೊಟ್ಟು ನಮ್ಮ ಮೇಜಿನ ಬಳಿಗೆ ಬಂದ.

“ಯಾವೂರು ಉಸ್ತಾದ್?”

“ಮರ್ಗಿಲಾನ್.”

“ಫರ್ಗಾನಾ ಕಡೆಯವರು. ಹಾಗಾದ್ರೆ ನಮ್ಮ ಓಶ್ ನಿಮ್ಮ ಕಣ್ಣಿಗೆ ಮಿಠಾಯಿ ಥರ ಕಾಣುತ್ತೆ. ದ್ರಾಕ್ಷಿ ಹಾಕಿದೀವಿ, ಕಡಲೆಕಾಳು ಹಾಕಿದೀವಿ. ಬೈಯೋದನ್ನ ಮೊದಲೇ ಬೈದುಬಿಡಿ, ಆಮೇಲೆ ನೆಮ್ಮದಿಯಾಗಿ ಚಹಾ ಕುಡಿಯೋಣ.”

ಭಾವ ಮೂರು ತುತ್ತು ತಿಂದರು. ಕಣ್ಣು ಮುಚ್ಚಿದರು. ತಲೆದೂಗಿದರು.

“ದ್ರಾಕ್ಷಿ ವಿಷಯ ನಿನಗೂ ದೇವರಿಗೂ ಬಿಟ್ಟಿದ್ದು. ಆದರೆ ಉಪ್ಪು ಅಂದ್ರೆ ಇದಪ್ಪ. ಒಂದು ಕಣ ಹೆಚ್ಚಿಲ್ಲ, ಒಂದು ಕಣ ಕಮ್ಮಿ ಇಲ್ಲ.”

ಅವರ ಮಾತು ಮುಗಿಯುವುದಕ್ಕೂ ಪಕ್ಕದ ಮೇಜಿನ ಲಾರಿ ಡ್ರೈವರ್ ಕೂಗುವುದಕ್ಕೂ ಸರಿಹೋಯಿತು. “ಏನ್ರಪ್ಪಾ, ಇವತ್ತು ಉಪ್ಪು ಹಾಕೋದನ್ನೇ ಮರೆತ್ರಾ? ಬೇಸಿನ್ ತೊಳೆದ ನೀರಲ್ಲಿ ಬೇಯಿಸಿದ ಹಾಗಿದೆ.”

ಶಿಷ್ಯರಿಬ್ಬರು ಮುಖ ಮುಖ ನೋಡಿಕೊಂಡರು. ಇವನು ಹಾಕಿದ್ದಾನೆಂದು ಅವನು, ಅವನು ಹಾಕಿದ್ದಾನೆಂದು ಇವನು. ಇಡೀ ಊಟದ ಮನೆ ಗೊಳ್ಳೆಂದು ನಕ್ಕಿತು. ಶೋಮುರೋದ್ ಎದೆಯ ಮೇಲೆ ಕೈಯಿಟ್ಟು ಬಾಗಿದ.

“ಉಸ್ತಾದ್, ಚಪ್ಪಲಿ ತಗೊಂಡು ಹೊಡೆದಿದ್ರೂ ಇಷ್ಟು ನೋಯ್ತಿರಲಿಲ್ಲ. ನಿಮ್ಮ ಕಡೆಯವರ ನಾಲಿಗೆ ಹರಿತ ಅಂತ ಕೇಳಿದ್ದೆ. ಇವತ್ತು ನೋಡಿದೆ.”

ಎಲ್ಲರೂ ಭಾವನ ಹೊಗಳಿಕೆಯನ್ನು ಬಹಳ ನಾಜೂಕಾದ ವ್ಯಂಗ್ಯ ಎಂದುಕೊಂಡರು. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಎದುರು ಕೂತಿರದಿದ್ದರೆ. ಭಾವನ ಮುಖದಲ್ಲಿ ನಗುವಿರಲಿಲ್ಲ, ಕಿವಿಯವರೆಗೆ ಕೆಂಪೇರಿತ್ತು. ಅವರು ಮನಸಾರೆ ಹೊಗಳಿದ್ದರು.

ಆಮೇಲೂ ಅವರು ಎದ್ದು ಬರಲಿಲ್ಲ. ತಲೆ ಬಗ್ಗಿಸಿ, ಕೊನೆಯ ಅಗುಳಿನವರೆಗೆ ತಿಂದರು. ನಾನು ಅರ್ಧಕ್ಕೇ ಕೈ ತೆಗೆದಾಗ ನನ್ನ ಕಡೆಯದನ್ನೂ ತಮ್ಮ ಕಡೆಗೆ ಎಳೆದುಕೊಂಡರು.

“ಬಿಡಬಾರದು ಮುನೀರಾ, ಉವೋಲ್ ಆಗುತ್ತೆ. ನಮ್ಮ ಸಲೋಮತ್ ಅತ್ತೆ ನೋಡಿದ್ದರೆ ನಿನ್ನ ತಟ್ಟೇನ ಬೆರಳಲ್ಲೇ ಕನ್ನಡಿ ಮಾಡ್ತಿದ್ದಳು.”

ಉವೋಲ್ ಎಂದರೆ ಅನ್ನ ಬಿಟ್ಟ ಪಾಪ. ಬಿಟ್ಟ ಅಗುಳು ಕಣ್ಣೀರು ಹಾಕುತ್ತದೆ ಎಂದು ಹೇಳಿ ನಮ್ಮನ್ನೆಲ್ಲ ಬೆಳೆಸಿದ್ದಾರೆ. ಸಲೋಮತ್ ಅತ್ತೆ ಭಾವನ ಸೋದರತ್ತೆ, ಎಂಬತ್ತು ದಾಟಿದವರು. ಅವರು ಉಂಡ ತಟ್ಟೆಯನ್ನು ತೊಳೆಯುವುದು ಬರೀ ಶಾಸ್ತ್ರಕ್ಕೆ.

ಹೊರಗೆ ಅನ್ಹೋರ್ ಕಾಲುವೆಯ ದಡದ ಬೆಂಚಿನ ಮೇಲೆ ಕೂತೆವು. ಆಗಸ್ಟ್ ತಿಂಗಳ ಬಿಸಿಲು. ನಾನು ನೇರವಾಗಿಯೇ ಕೇಳಿದೆ.

“ಭಾವ, ಅದು ವ್ಯಂಗ್ಯ ಅಲ್ಲ ಅಲ್ವಾ?”

“ಅಲ್ಲ.”

“ಯಾವಾಗಿನಿಂದ?”

“ಜನವರಿಯಿಂದ.” ಕಾಲುವೆಯ ನೀರನ್ನೇ ನೋಡುತ್ತ ಹೇಳಿದರು. “ಅವಳ ಜೊತೆಗೇ ಹೊರಟಿತು. ಅವಳು ವಾಪಸು ಬರಲ್ಲ ಅಂತ ಗೊತ್ತು. ಇದಾದರೂ ಬರಬಹುದು ಅಂತ ಕಾಯ್ತಿದೀನಿ.”

ಅವಳು ಎಂದರೆ ನನ್ನ ರಾನೋ ಅಕ್ಕ. ಒಂದೇ ಜ್ವರ, ಒಂದೇ ಕೋಣೆ, ಎರಡು ಹಾಸಿಗೆ. ಹದಿನೇಳನೆಯ ದಿನ ಒಂದು ಹಾಸಿಗೆ ಖಾಲಿಯಾಯಿತು. ಇನ್ನೊಂದರಿಂದ ಎದ್ದ ಭಾವನಿಗೆ ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು. ಬಾಯಲ್ಲಿಟ್ಟದ್ದು ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ ಎಂಬುದರ ಆಚೆ ಏನೂ ತಿಳಿಯುತ್ತಿರಲಿಲ್ಲ.

ಬೇರೆ ಯಾರಿಗೇ ಆಗಿದ್ದರೂ ಇದು ಸಹಿಸಬಹುದಾದ ನಷ್ಟ. ನನಗಾಗಿದ್ದರೆ ನಾಲ್ಕು ಕಿಲೋ ಇಳಿಸಿ ಸಂತೋಷಪಡುತ್ತಿದ್ದೆ. ಆದರೆ ಮರ್ಗಿಲಾನಿನಲ್ಲಿ ಮದುವೆಯ ದಿನ ಗೊತ್ತುಮಾಡುವ ಮೊದಲು ಹೋಶಿಂ ಉಸ್ತಾದ್ ಆ ದಿನ ಖಾಲಿ ಇದ್ದಾರಾ ಎಂದು ಕೇಳುತ್ತಾರೆ, ಮದುಮಗನನ್ನು ಆಮೇಲೆ. ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬ ಗುರುವಿನ ಕೈಕೆಳಗೆ ಸೇರಿ ಐದು ವರ್ಷ ಬರೀ ಗಜ್ಜರಿ ಹೆಚ್ಚಿದವರು ಅವರು. ಆರನೆಯ ವರ್ಷ ಸೌಟು ಮುಟ್ಟಲು ಅಪ್ಪಣೆಯಾಯಿತು. ಅವರು ಸ್ವಂತವಾಗಿ ಕೊಪ್ಪರಿಗೆ ಏರಿಸಿದ ಮೊದಲ ಮದುವೆ ನಮ್ಮ ದೊಡ್ಡಪ್ಪನ ಮನೆಯದು. ಅಕ್ಕಿ ಹಾಕುವ ಮೊದಲಿನ ಮಾಂಸ, ಈರುಳ್ಳಿ, ಗಜ್ಜರಿಯ ರಸಕ್ಕೆ ಜಿರ್ವಾಕ್ ಎನ್ನುತ್ತೇವೆ. ಅದರ ಉಪ್ಪನ್ನು ಉಸ್ತಾದ್ ಒಬ್ಬನೇ ನೋಡಬೇಕು, ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಇಪ್ಪತ್ತು ವರ್ಷದ ನನ್ನ ಅಕ್ಕ ಹೆಂಗಸರ ಅಂಗಳದಿಂದ ಹೇಗೋ ಒಂದು ಚಮಚ ತರಿಸಿಕೊಂಡು ಕುಡಿದು, “ಉಪ್ಪು ಒಂದು ಹೆಜ್ಜೆ ಮುಂದೆ ಹೋಗಿದೆ” ಎಂದು ಹೇಳಿ ಕಳಿಸಿಬಿಟ್ಟಳು. ಗಂಡಸರ ಅಂಗಳದಲ್ಲಿ ದೊಡ್ಡ ಗದ್ದಲವಾಯಿತು. ಭಾವ ಮಾತ್ರ ಇನ್ನೊಮ್ಮೆ ರುಚಿ ನೋಡಿ, ಮಾತಾಡದೆ ಎರಡು ಚೊಂಬು ನೀರು ಹೊಯ್ದರು. ಮುಂದಿನ ವಾರ ಹೆಣ್ಣು ಕೇಳಲು ಅವರ ಮನೆಯ ಹಿರಿಯರು ಬಂದರು. ಉಪ್ಪಿನಿಂದ ಶುರುವಾದ ಸಂಸಾರ ಒಂದು ದಿನವೂ ಸಪ್ಪೆಯಾಗಲಿಲ್ಲ.

“ಆಗಸ್ಟ್ ಕೊನೇ ಭಾನುವಾರ ನಿಗೋರಾ ಮದುವೆ,” ಎಂದರು ಭಾವ.

“ಗೊತ್ತು ಭಾವ, ಬಟ್ಟೆ ಹೊಲಿಸಿ ಆಗಿದೆ.”

“ಅಕ್ಕಿ ರಾನೋದು.”

ಅದೂ ನನಗೆ ಗೊತ್ತಿತ್ತು. ಮಗಳು ನಿಗೋರಾ ಏಳನೇ ಕ್ಲಾಸಿನಲ್ಲಿದ್ದಾಗ ಅಕ್ಕ ಎರಡು ಮೂಟೆ ದೇವ್‌ಜೀರಾ ಅಕ್ಕಿ ತಂದು, ಹುಳು ಹಿಡಿಯದ ಹಾಗೆ ಒಣ ಮೆಣಸಿನಕಾಯಿ ಕಟ್ಟಿ, ಅವಳ ಮದುವೆಗೆಂದು ಎತ್ತಿಟ್ಟಿದ್ದಳು. ಆ ಕೆಂಪಕ್ಕಿ ಹಳೆಯದಾದಷ್ಟೂ ಒಳ್ಳೆಯದು. ಆದರೆ ಹಳೆಯ ಅಕ್ಕಿ ನೀರನ್ನೂ ಉಪ್ಪನ್ನೂ ಎಷ್ಟು ಕುಡಿಯುತ್ತದೆ ಎಂದು ಯಾವ ಅಳತೆಯೂ ಹೇಳುವುದಿಲ್ಲ. ಅದನ್ನು ನಾಲಿಗೆ ಮಾತ್ರ ಹೇಳಬೇಕು.

“ಹೋಗೋ ಹಿಂದಿನ ದಿನ ಅವಳಿಗೆ ಸ್ವಲ್ಪ ಎಚ್ಚರ ಇತ್ತು. ಪಕ್ಕದ ಹಾಸಿಗೆಯಿಂದ ಏನೋ ಹೇಳ್ತಿದ್ದಳು. ನಾನು ಕಷ್ಟಪಟ್ಟು ಎದ್ದು ಹೋಗಿ ಬಾಯಿ ಹತ್ರ ಕಿವಿ ಇಟ್ಟೆ. ‘ಅಕ್ಕಿ ಹಳೇದು, ಉಪ್ಪು ಜಾಸ್ತಿ ಕುಡಿಯುತ್ತೆ, ನೋಡ್ಕೊಂಡು ಹಾಕಿ’ ಅಂದಳು. ಅಷ್ಟೇ. ಮೂವತ್ತು ವರ್ಷ ಬಾಳಿದ ಗಂಡನಿಗೆ ಹೇಳಿದ ಕೊನೇ ಮಾತು ನೋಡು.”

ನಾನು ಬಾಯಿ ತೆರೆದಿದ್ದರೆ ಅಳುತ್ತಿದ್ದೆ, ಕಾಲುವೆಯ ದಡದಲ್ಲಿ ಕಲ್ಲಂಗಡಿ ಮಾರುವವರೆಲ್ಲ ನೋಡುತ್ತಿದ್ದರು.

ಈರುಳ್ಳಿ ಬೆಂದದ್ದು ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾದದ್ದು ಕಿವಿಗೆ ಕೇಳುತ್ತದೆ, ಅಕ್ಕಿ ಅರಳಿದ್ದು ಬೆರಳಿಗೆ ಸಿಗುತ್ತದೆ. ಉಪ್ಪಿಗೆ ಮಾತ್ರ ಬಣ್ಣವೂ ಇಲ್ಲ, ಸದ್ದೂ ಇಲ್ಲ. ಜನವರಿಯಿಂದೀಚೆಗೆ ಅವರು ಹೊಸ ಅಕ್ಕಿಯ ಸಣ್ಣಪುಟ್ಟ ಊಟಗಳನ್ನು ಹಳೆಯ ಲೆಕ್ಕದ ಮೇಲೆ ಹೇಗೋ ದಾಟಿಸಿದ್ದರು. ಶಿಷ್ಯರನ್ನು ಕೇಳಬಹುದಿತ್ತಲ್ಲ ಎಂದೆ.

“ಅವರ ನಾಲಿಗೆ ನನ್ನ ಮುಖ ನೋಡಿ ಮಾತಾಡುತ್ತೆ. ಹದವಾಗಿದೆ ಉಸ್ತಾದ್, ಅದ್ಭುತ ಉಸ್ತಾದ್. ಮೇಲಾಗಿ ಒಮ್ಮೆ ಕೇಳಿದೆ ಅಂದ್ರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ನಾಲಿಗೆ ಸತ್ತವನು ಮಗಳ ಮದುವೆಗೆ ಅಡುಗೆ ಮಾಡ್ತಾನಂತೆ ಅಂತ.”

“ಬೇರೆ ಉಸ್ತಾದ್‌ನ ಕರೆಸಿ ಭಾವ.”

ಅವರು ನನ್ನನ್ನು ನೋಡಿದ ನೋಟ ನೋಡಿ ಆ ಮಾತನ್ನು ಕಾಲುವೆಗೇ ಬಿಟ್ಟೆ.

ರಜೆಯ ಕಥೆ ಇದು. ಮೂವತ್ತು ವರ್ಷ ಇನ್ನೊಬ್ಬರ ಕೊಪ್ಪರಿಗೆಯ ಅನ್ನ ಮುಟ್ಟದ ಮನುಷ್ಯ, ತಾಷ್ಕೆಂಟಿಗೆ ಹೋಗಿ ಏಳು ದಿನ ಬರೀ ಹೋಟೆಲುಗಳಲ್ಲಿ ತಿಂದು ಬರುತ್ತೇನೆ ಎಂದಾಗ ಮರ್ಗಿಲಾನಿನವರು ಹೆಂಡತಿ ಸತ್ತ ದುಃಖ ತಲೆಗೇರಿದೆ ಎಂದುಕೊಂಡಿದ್ದರಂತೆ. ಹೊಸ ಹೊಸ ರುಚಿ ತೋರಿಸಿದರೆ ಮಲಗಿದ ನಾಲಿಗೆ ಎದ್ದರೂ ಎದ್ದೀತು ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ನಾನು ತಾಷ್ಕೆಂಟಿನಲ್ಲೇ ಇದ್ದು ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವವಳು. ಬೇಸಿಗೆ ರಜೆ ನನಗೂ ಇತ್ತು, ಮನೆಯಲ್ಲಿ ಕೇಳುವವರೂ ಇರಲಿಲ್ಲ. ನನ್ನ ಗಂಡ ಹತ್ತು ವರ್ಷದ ಹಿಂದೆಯೇ ಇನ್ನೊಬ್ಬಳ ಮನೆ ಸೇರಿದ. ಅವನು ನಾಲಿಗೆ ಇದ್ದೂ ಮಾತು ತಪ್ಪಿದವನು. ಈ ಭಾವ ನಾಲಿಗೆ ಹೋದರೂ ಮಾತು ಉಳಿಸಿಕೊಳ್ಳಲು ಊರೂರು ಅಲೆಯುತ್ತಿದ್ದವರು. ದೇವರು ಷಡ್ಡಕರನ್ನು ಹಂಚುವಾಗ ಅಕ್ಕನಿಗೊಂದು ನ್ಯಾಯ ತಂಗಿಗೊಂದು ನ್ಯಾಯ ಮಾಡಿದ.

ಎರಡನೆಯ ದಿನ ತಂದೂರಿನ ಗೋಡೆಯಿಂದ ಕಿತ್ತುಕೊಟ್ಟ ಸೋಮ್ಸಾ ತಿಂದೆವು. ಒಳಗಿನ ಕೊಬ್ಬು ಕರಗಿ ನನ್ನ ಮೊಣಕೈವರೆಗೆ ಹರಿಯಿತು. ಭಾವ ನಿಧಾನವಾಗಿ ಅಗಿದು, ಕಾದರು. ಬಾಗಿಲು ತಟ್ಟಿ ಯಾರಾದರೂ ತೆಗೆಯುತ್ತಾರೋ ಎಂದು ನಿಂತವರ ಹಾಗಿತ್ತು ಮುಖ.

“ಸುಡ್ತಾ ಇದೆ,” ಎಂದರು. “ನಿನಗೆ ಹೇಗಿದೆ?”

“ಚೆನ್ನಾಗಿದೆ ಭಾವ.”

“ಚೆನ್ನಾಗಿದೆ ಅನ್ನೋದು ರುಚಿ ಅಲ್ಲ, ಮರ್ಯಾದೆ. ರುಚಿ ಹೇಳು.”

“ಈರುಳ್ಳಿ ಜಾಸ್ತಿ, ಮಾಂಸ ಕಮ್ಮಿ. ಉಪ್ಪು ಮಾಂಸದಲ್ಲಿದೆ, ಹಿಟ್ಟಲ್ಲಿ ಇಲ್ಲ.”

“ಹಾಂ, ಈಗ ಮಾತಾಡಿದೆ.”

ಮೂರನೆಯ ದಿನ ನೂಲಿನಷ್ಟು ಸಣ್ಣಗೆ ಕತ್ತರಿಸಿದ ಹಿಟ್ಟಿನೆಳೆಗೆ ತಣ್ಣನೆಯ ಕುದುರೆ ಮಾಂಸ ಬೆರೆಸಿದ ನೋರಿನ್. ಮಧ್ಯಾಹ್ನ ಉಯಿಘುರರ ಅಂಗಡಿಯಲ್ಲಿ ಕೈಯಲ್ಲಿ ಎಳೆದ ಹಿಟ್ಟಿನೆಳೆಯನ್ನು ಮಾಂಸದ ಸಾರಿಗೆ ಹಾಕಿದ ಲಗ್ಮನ್. ಅದರ ಮೇಲೆ ಭಾವ ಒಂದು ಚಮಚ ಕೆಂಪು ಮೆಣಸಿನ ಗೊಜ್ಜು ಸುರಿದುಕೊಂಡು ತಿಂದದ್ದನ್ನು ನೋಡಿ, ಬಡಿಸುವ ಹೆಂಗಸು ನೀರಿನ ಜಗ್ ಹಿಡಿದು ಪಕ್ಕದಲ್ಲೇ ನಿಂತಳು. ಭಾವನ ಹಣೆಯಲ್ಲಿ ಬೆವರು ಬಂತು, ಕಣ್ಣಲ್ಲಿ ನೀರು ಬಂತು, ಬಾಯಿಗೆ ಏನೂ ಬರಲಿಲ್ಲ. ಸಂಜೆ ಚೋರ್ಸು ಪೇಟೆಯಲ್ಲಿ ಒಣ ಮೊಸರಿನ ಉಂಡೆಗಳನ್ನು, ಕಲ್ಲಿನಷ್ಟು ಗಟ್ಟಿ, ಸಮುದ್ರದಷ್ಟು ಉಪ್ಪು, ಒಂಬತ್ತು ಬಗೆ ಕೊಂಡು, ಒಂದೊಂದನ್ನೂ ನನ್ನ ಬಾಯಿಗೆ ಹಾಕಿಸಿ, ಯಾವುದು ಯಾವುದಕ್ಕಿಂತ ಉಪ್ಪು ಎಂದು ಸಾಲಾಗಿ ಇಡಿಸಿದರು. ನಾನು ತಪ್ಪಿದಾಗ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ ಎಂದುಕೊಂಡೆ; ಮೊದಲೇ ಮಾರುವವಳನ್ನು ಕೇಳಿಕೊಂಡಿದ್ದರಂತೆ.

“ಭಾವ, ನಾಲಿಗೆ ಎಬ್ಬಿಸಬೇಕಾಗಿದ್ದು ನಿಮ್ಮದಾ ನನ್ನದಾ?”

“ಎರಡರಲ್ಲಿ ಒಂದು ಎದ್ದರೂ ಸಾಕು,” ಎಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಐದನೆಯ ದಿನದ ಊಟ ಮಾತ್ರ ನನ್ನಿಂದ ಮರೆಯಲು ಆಗುವುದಿಲ್ಲ. ರೈಲು ನಿಲ್ದಾಣದ ಹಿಂದೆ ಒಬ್ಬ ಮುದುಕಿ ತನ್ನ ಮನೆಯ ಜಗುಲಿಯಲ್ಲೇ ಎರಡು ಮೇಜು ಹಾಕಿ ಮಸ್ತವಾ ಮಾರುತ್ತಾಳೆ. ಅಕ್ಕಿ, ತರಕಾರಿ ಹಾಕಿದ ಗಂಜಿಯಂಥ ಸಾರು. ಬಟ್ಟಲು ಮುಂದೆ ಬಂದದ್ದೇ ಭಾವನ ಕಣ್ಣು ತುಂಬಿ ತುಳುಕಿತು. ಇನ್ನೂ ಚಮಚ ಎತ್ತಿರಲಿಲ್ಲ, ವಾಸನೆಯೇ ತಗುಲಿರಬೇಕೆಂದು ನಾನು ಅವರ ತೋಳು ಹಿಡಿದೆ.

“ಬಂತಾ ಭಾವ? ವಾಸನೆ ಬಂತಾ?”

“ಬಟ್ಟಲು,” ಎಂದರು. “ನಮ್ಮ ಮನೇಲಿ ಇಂಥದ್ದೇ ಇದೆ.”

ನೀಲಿ ಬಟ್ಟಲು, ಬಿಳಿ ಹತ್ತಿಕಾಯಿಯ ಚಿತ್ರ. ಈ ದೇಶದಲ್ಲಿ ಆ ಬಟ್ಟಲಿಲ್ಲದ ಮನೆ ಯಾವುದಿದೆ? ನನ್ನ ಮನೆಯಲ್ಲೂ ಆರಿವೆ. ಬೆಳಗ್ಗೆ ಅದರಲ್ಲೇ ಚಹಾ ಕುಡಿದು ಬಂದಿದ್ದರು. ಮುದುಕಿ ಭಾವನ ಮುಖ ನೋಡಿ, “ಖಾರ ಆಯ್ತೇನಪ್ಪಾ?” ಎಂದು ಕೇಳಿದಳು. “ಹೌದಮ್ಮ, ಸ್ವಲ್ಪ,” ಎಂದರು ಭಾವ. ಆ ಸಾರಿನಲ್ಲಿ ಖಾರವೇ ಇರಲಿಲ್ಲ.

ಏಳನೆಯ ದಿನ ನನ್ನನ್ನು ಮತ್ತೆ ಶೋಮುರೋದನ ಊಟದ ಮನೆಗೇ ಕರೆದುಕೊಂಡು ಹೋದರು. ಅವನು ನಮ್ಮನ್ನು ಕಂಡು ಸೌಟನ್ನು ಗುರಾಣಿಯಂತೆ ಹಿಡಿದ.

“ಹೊಗಳಬೇಡಿ ಉಸ್ತಾದ್. ಏನು ಬೇಕಾದರೂ ಮಾಡಿ, ಹೊಗಳಬೇಡಿ.”

“ನಾನು ಬಾಯಿ ಬಿಡಲ್ಲ. ನಮ್ಮ ನಾದಿನಿ ಹೇಳ್ತಾಳೆ. ಅಕ್ಕಿ ಹಾಕೋ ಮೊದಲು ಒಂದು ಬಟ್ಟಲು ರಸ ಕೊಡ್ತೀಯಾ?”

ಶೋಮುರೋದ್ ಹೆಂಗಸಿನ ಕೈಗೆ ರಸ ಕೊಡಲು ಒಂದು ಗಳಿಗೆ ಅನುಮಾನಿಸಿ, ಆಮೇಲೆ ಮೊದಲ ದಿನದ ಸಾಲ ತೀರಿಸುವವನಂತೆ ಬಟ್ಟಲು ತುಂಬಿಸಿದ. ನಾನು ಕುಡಿದೆ. ಜಿರ್ವಾಕಿನ ಉಪ್ಪು ಬಾಯಿಗೆ ಹಿತವಾಗಿದ್ದರೆ ಅಡುಗೆ ಕೆಟ್ಟ ಹಾಗೆ. ಅದು ಬಾಯನ್ನು ಸ್ವಲ್ಪ ಗದರಿಸಬೇಕು, ಅಕ್ಕಿ ಬಿದ್ದ ಮೇಲೆ ಸಮಾಧಾನವಾಗಬೇಕು. ಭಾವ ಆ ವಾರ ಇಡೀ ಹೇಳಿಕೊಟ್ಟದ್ದು ಅದನ್ನೇ.

“ಗದರಿಸ್ತಾ ಇದೆ, ಆದರೆ ಜೋರಿಲ್ಲ,” ಎಂದೆ. “ಅರ್ಧ ಹಿಡಿ ಬೇಕು. ಮತ್ತೆ ನಿಮ್ಮ ಗಜ್ಜರಿ ಒಂದು ಪಾಲು ಹಳೇ ದಾಸ್ತಾನು.”

ಶೋಮುರೋದ್ ತಾನೇ ರುಚಿ ನೋಡಿದ. ಗಜ್ಜರಿ ತಂದುಹಾಕಿದ ಶಿಷ್ಯನ ಕಡೆ ತಿರುಗಿದ. ಆ ಶಿಷ್ಯ ಅಲ್ಲಿರಲಿಲ್ಲ.

“ಯಾರಮ್ಮ ನಿಮ್ಮ ಗುರು?”

ಭಾವ ಏಳು ದಿನದಲ್ಲಿ ಮೊದಲ ಸಲ ನಕ್ಕರು. ಶೋಮುರೋದನನ್ನು ಮಗಳ ಮದುವೆಗೆ ಕರೆದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು.

“ನನ್ನದು ಬರಲ್ಲ ಮುನೀರಾ. ಮೂರನೇ ದಿನವೇ ಗೊತ್ತಾಯ್ತು. ಹಾಗಾಗಿ ನಿನ್ನದನ್ನ ಸಾಣೆ ಹಿಡಿದೆ. ನಿಗೋರಾ ಮದುವೆ ರಸ ನೀನು ನೋಡ್ಬೇಕು. ರಾನೋಗೂ ನಿನಗೂ ಒಬ್ಬಳೇ ತಾಯಿ ಉಣಿಸಿದ್ದು.”

“ಗಂಡಸರ ಕೊಪ್ಪರಿಗೆ ಹತ್ರ ನನ್ನನ್ನ ಬಿಡ್ತಾರಾ ಭಾವ? ಊರು ಏನನ್ನುತ್ತೆ?”

“ನೀನು ಬರೋದು ಬೇಡ. ರಸ ನಿನ್ನ ಹತ್ರ ಬರುತ್ತೆ. ಹೆಣ್ಣಿನ ಚಿಕ್ಕಮ್ಮನಿಗೆ ಮೊದಲ ಬಟ್ಟಲು ಕಳಿಸೋದು ತಾಷ್ಕೆಂಟಿನ ಪದ್ಧತಿ ಅಂತೀನಿ. ನಂಬ್ತಾರೆ. ಓಶಿಗೆ ದ್ರಾಕ್ಷಿ ಹಾಕೋ ಜನ ಏನು ಬೇಕಾದರೂ ಮಾಡ್ತಾರೆ ಅಂತ ನಮ್ಮ ಕಡೆ ಮೊದಲೇ ನಂಬಿಕೆ ಇದೆ.”

ಬಟ್ಟಲು ಬರುವುದೇನೋ ಸರಿ, ಉತ್ತರ ಹೋಗುವುದು ಹೇಗೆ? ಬಾಯಲ್ಲಿ ಹೇಳಿ ಕಳಿಸಿದರೆ ಶಿಷ್ಯರ ಕಿವಿಗೆ ಬೀಳುತ್ತದೆ. ಉಪಾಯ ನನ್ನದು, ಇವತ್ತಿಗೂ ಆ ಮಾತು ಬರೆಯುವಾಗ ಕೈ ಹಿಂದೆಗೆಯುತ್ತದೆ. ಬಟ್ಟಲಲ್ಲಿ ನಾನು ಗಜ್ಜರಿ ಚೂರು ಉಳಿಸಿ ಕಳಿಸುತ್ತೇನೆ ಎಂದೆ. ಒಂದು ಚೂರಿಗೆ ಒಂದು ಹಿಡಿ ಉಪ್ಪು. ಬಟ್ಟಲು ಖಾಲಿ ಇದ್ದರೆ ಹದವಾಗಿದೆ ಎಂದರ್ಥ. ಭಾವ ಬಹಳ ಮೆಚ್ಚಿಕೊಂಡರು. “ಓದಿದವಳು ಅಂದ್ರೆ ಇದು,” ಎಂದರು.

ಆಗಸ್ಟ್ ಕೊನೆಯ ಭಾನುವಾರ, ಮೂಡಣ ಬೆಳ್ಳಗಾಗುವ ಹೊತ್ತಿಗೆ ನಾನು ಮರ್ಗಿಲಾನಿನ ಮನೆಯ ಒಳ ಅಂಗಳದಲ್ಲಿ ಕೂತಿದ್ದೆ. ಗೋಡೆಯಾಚೆ ಗಂಡಸರ ಅಂಗಳದಲ್ಲಿ ಕೊಪ್ಪರಿಗೆ ಕುದಿಯುವ ಸದ್ದು. ನಾನೂರು ಗಂಡಸರು ಬೆಳಗಿನ ಓಶಿಗೆ ಬರುವವರಿದ್ದರು. ಅಕ್ಕನ ಅಕ್ಕಿ ಬಿಸಿನೀರಿನಲ್ಲಿ ನೆನೆಯುತ್ತಿತ್ತು. ನಿಗೋರಾ ಎರಡು ಸಲ ಹೋಗಿ ಅದರಲ್ಲಿ ಕೈಯಾಡಿಸಿ ಬಂದಿದ್ದಳು, ಯಾಕೆಂದು ಯಾರೂ ಕೇಳಲಿಲ್ಲ.

ಬಟ್ಟಲು ಬಂತು. ಶಿಷ್ಯನೊಬ್ಬ ಹೊಸ್ತಿಲವರೆಗೆ ತಂದ; ಅಲ್ಲಿಂದ ಸಲೋಮತ್ ಅತ್ತೆ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ತಂದಿಟ್ಟರು. ನೀಲಿ ಬಟ್ಟಲು, ಬಿಳಿ ಹತ್ತಿಕಾಯಿ.

ನಾನು ಕಣ್ಣು ಮುಚ್ಚಿ ಕುಡಿದೆ. ಹೊಸ ಅಕ್ಕಿಯಾಗಿದ್ದರೆ ಸರಿಹೋಗುತ್ತಿತ್ತು. ಹನ್ನೊಂದು ವರ್ಷದ ಅಕ್ಕಿಗೆ ಸಾಲದು. ಅಕ್ಕ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಗೊತ್ತಾಯಿತು: ಎರಡು ಹಿಡಿ. ರಸವೆಲ್ಲ ಕುಡಿದು, ತಳದಲ್ಲಿ ಎರಡು ಚೂರು ಗಜ್ಜರಿ ಅಕ್ಕಪಕ್ಕ ಇಟ್ಟು, ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟೆ.

“ಜೋಪಾನ ಅತ್ತೆ. ಹೀಗೇ ಭಾವನ ಕೈಗೆ ಮುಟ್ಟಬೇಕು.”

“ನಾನೇನು ಬೀಳಿಸ್ತೀನೇನೇ,” ಎಂದು ಅತ್ತೆ ಹೊರಟರು. ಇಪ್ಪತ್ತು ಹೆಜ್ಜೆ ದೂರ, ಅಷ್ಟೇ.

ಬಿಸಿಲು ಗೋಡೆ ಏರುವ ಹೊತ್ತಿಗೆ ಗಂಡಸರ ಊಟ ಮುಗಿಯುತ್ತ ಬಂದಿತ್ತು, ಹೆಂಗಸರ ಪಾಲಿನ ಮೊದಲ ಹರಿವಾಣ ಒಳಗೆ ಬಂತು. ಅಕ್ಕಿ ಒಂದಕ್ಕೊಂದು ಅಂಟದೆ, ತಾಮ್ರದ ಬಣ್ಣಕ್ಕೆ ತಿರುಗಿ, ನೋಡುವುದಕ್ಕೇ ಹಬ್ಬವಾಗಿತ್ತು. ನಾನು ಒಂದು ತುತ್ತು ಬಾಯಿಗಿಟ್ಟೆ. ಅಕ್ಕಿ ಇದ್ದ ಉಪ್ಪನ್ನೆಲ್ಲ ಕುಡಿದು, ಇನ್ನೂ ಬೇಕೆಂದು ಬಾಯಿ ತೆರೆದು ಕೂತಿತ್ತು. ಸಪ್ಪೆ ಎಂದರೆ ಸಪ್ಪೆ.

“ಅತ್ತೆ,” ಎಂದೆ. “ಬೆಳಗ್ಗೆ ಬಟ್ಟಲಲ್ಲಿ ಎರಡು ಚೂರು ಗಜ್ಜರಿ ಇತ್ತಲ್ಲ.”

“ಇತ್ತು ಕಣೇ. ಹೇಳ್ಬೇಕು ಅಂತಿದ್ದೆ, ಮರೆತೆ. ಮದುವೆ ದಿನದ ಮೊದಲ ಬಟ್ಟಲು, ಅದರಲ್ಲಿ ಬಿಡ್ತಾರೇನೇ ಪಟ್ಟಣದವಳೇ? ತಾಯಿಯಿಲ್ಲದ ಹುಡುಗಿ, ಅವಳ ತಲೆ ಮೇಲೆ ಉವೋಲ್ ಯಾಕೆ ಅಂತ ನಾನೇ ತಿಂದೆ. ಬೆರಳಲ್ಲಿ ಒರೆಸಿ ಲಕಲಕ ಅನ್ನೋ ಹಾಗೆ ಮಾಡಿ ಕೊಟ್ಟೆ.” ನನ್ನ ಕೆನ್ನೆ ತಟ್ಟಿದರು. “ಹೋಶಿಂ ನೋಡಿ ಎಷ್ಟು ಸಂತೋಷಪಟ್ಟ ಗೊತ್ತಾ? ಬಟ್ಟಲನ್ನ ಕಣ್ಣಿಗೆ ಒತ್ಕೊಂಡ.”

ನಾನು ಎದ್ದು ಹೊರಬಾಗಿಲ ಸಂದಿಯಲ್ಲಿ ನಿಂತೆ. ಉದ್ದನೆಯ ಮೇಜುಗಳ ಎರಡೂ ಬದಿ ಟೋಪಿ ಹಾಕಿದ ತಲೆಗಳು. ನಮ್ಮಲ್ಲಿ ಮದುವೆಯ ಊಟದ ಮೇಜಿನ ಮೇಲೆ ಉಪ್ಪು ಇಡುವುದಿಲ್ಲ. ಉಸ್ತಾದನ ಓಶಿಗೆ ಉಪ್ಪು ಕೇಳುವುದು ಅವನ ಮುಖಕ್ಕೆ ಉಗಿದ ಹಾಗೆ. ಯಾರೂ ಕೇಳಿರಲಿಲ್ಲ. ಮಾತಿಲ್ಲದೆ, ತಲೆಯೆತ್ತದೆ, ಪ್ರತಿಯೊಬ್ಬರೂ ತಮ್ಮ ಮುಂದಿನ ಅಗುಳನ್ನೆಲ್ಲ ತಿಂದು ಮುಗಿಸುತ್ತಿದ್ದರು. ರಾನೋಳ ಅಕ್ಕಿ ಎಂದು ಎಲ್ಲರಿಗೂ ಗೊತ್ತಿತ್ತು. ಓಶ್ ಉಂಡು ಅಷ್ಟು ಮೌನವಾಗಿ ಎದ್ದುಹೋದ ಗಂಡಸರನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೇನೆ.

ಭಾವ ಕೊಪ್ಪರಿಗೆಯ ಪಕ್ಕ ಹೊಸ ನಿಲುವಂಗಿ ತೊಟ್ಟು ನಿಂತಿದ್ದರು. ಮುಖದಲ್ಲಿ ಮೂವತ್ತು ವರ್ಷದ ಹಿಂದಿನ ಹುಡುಗ ಕಾಣುತ್ತಿದ್ದ. ಹೋಗುವವರೆಲ್ಲ ಅವರ ಕೈ ಹಿಡಿದು, ಕೈಗೆ ನೋವಾಗದಿರಲಿ ಉಸ್ತಾದ್ ಎನ್ನುತ್ತಿದ್ದರು. ಸಾಲಿನ ಕೊನೆಯಲ್ಲಿ ಶೋಮುರೋದ್ ಬಂದ. ತಾಷ್ಕೆಂಟಿನಿಂದ ಅಷ್ಟು ದೂರ ಬಂದಿದ್ದ. ಭಾವನ ಎರಡೂ ಕೈ ಹಿಡಿದು, ಅಂಗಳದಲ್ಲಿ ಉಳಿದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದ.

“ಉಪ್ಪು ಅಂದ್ರೆ ಇದು ಉಸ್ತಾದ್. ಒಂದು ಕಣ ಹೆಚ್ಚಿಲ್ಲ, ಒಂದು ಕಣ ಕಮ್ಮಿ ಇಲ್ಲ.”

ಅವನ ದನಿಯಲ್ಲಿ ಸೇಡಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಉಳಿದವರೆಲ್ಲ “ಹೌದು, ಹೌದು” ಎಂದರು. ಭಾವನ ಮುಖದ ಮೇಲಿನ ಆ ಹುಡುಗ ಮಾತ್ರ ಮೆಲ್ಲಗೆ ಎದ್ದು ಹೊರಟುಹೋದ.

ಜನ ಕರಗಿದ ಮೇಲೆ ನಾನು ಹೊರಗೆ ಹೋದೆ. ಭಾವ ಮಗುಚಿದ ಬಕೆಟಿನ ಮೇಲೆ ಕೂತು ಕೊಪ್ಪರಿಗೆಯ ತಳ ಕೆರೆದು, ಬಂದ ಸೀಕನ್ನು ತಾವೇ ತಿನ್ನುತ್ತಿದ್ದರು. ನಾನು ನೆಲದ ಮೇಲೆ ಕೂತು ಎರಡು ಚೂರಿನ ಕಥೆ ಹೇಳಿದೆ. ಅತ್ತೆಯ ಹೆಸರು ಬಂದಾಗ ಒಮ್ಮೆ ತಲೆಯಾಡಿಸಿದರು.

“ಅತ್ತೆಗೆ ಹೇಳಬೇಡ. ಪಾಪ, ಒಳ್ಳೇದಕ್ಕೇ ತಿಂದಿದಾಳೆ.”

“ತಪ್ಪು ನನ್ನದು ಭಾವ. ಬಟ್ಟಲಲ್ಲಿ ಯಾರೂ ಏನೂ ಬಿಡದ ಊರಲ್ಲಿ ಬಿಡೋ ಉಪಾಯ ಮಾಡಿದೆ.”

“ನಾನೂ ಒಪ್ಪಿದ್ದೆನಲ್ಲ.”

ಒಳಗೆ ಡೋಲು ಶುರುವಾಯಿತು. ಗಂಡಿನ ಕಡೆಯವರು ಬರುವ ಹೊತ್ತಾಗಿತ್ತು. ನಿಗೋರಾಳ ಗೆಳತಿಯರು ಹಾಡುತ್ತಿದ್ದರು. ಭಾವ ಸೌಟನ್ನು ಒರೆಸಿ, ಬಟ್ಟೆ ಸುತ್ತಿ, ಪಕ್ಕಕ್ಕಿಟ್ಟರು. ಆ ಸುತ್ತುವ ರೀತಿಯಲ್ಲೇ ಅದು ಇನ್ನು ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಅಳು ತಡೆಯಲಿಲ್ಲ. ಅಕ್ಕ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

“ಅಕ್ಕ ಇದ್ದಿದ್ದರೆ,” ಎಂದೆ, “ಇವತ್ತಿನ ಓಶ್ ತಿಂದು ಏನನ್ನುತ್ತಿದ್ದಳು ಭಾವ?”

ಭಾವ ಬೆರಳಿಗೆ ಅಂಟಿದ್ದ ಒಂದು ಅಗುಳನ್ನು ಬಾಯಿಗೆ ಹಾಕಿಕೊಂಡರು.

“ಏನೂ ಅನ್ನುತ್ತಿರಲಿಲ್ಲ. ಎದ್ದು ಹೋಗಿ ಉಪ್ಪಿನ ಡಬ್ಬಿ ತರ್ತಿದ್ದಳು.”